ಹೇಳದೆ ಕೊಟ್ಟ ಸ್ಕೇಲು

ಅರವತ್ತೊಂಬತ್ತು ವರ್ಷದ ಮನುಷ್ಯನನ್ನು ಏಕವಚನದಲ್ಲಿ ಕರೆಯಬಾರದು, ನಿಜ. ಆದರೆ ಇನ್ನಾಸಿಮುತ್ತು ಮಾಡಿದ ಕೆಲಸವನ್ನು ಕೇಳಿ ಮುಗಿಸುವಷ್ಟರಲ್ಲಿ ನಿಮ್ಮ ಬಾಯಲ್ಲೂ ಅವನಿಗೆ ಬಹುವಚನ ಬರಲಿಕ್ಕಿಲ್ಲ.

ದಿನಾ ಬೆಳಿಗ್ಗೆ ಹತ್ತಕ್ಕೆ ಒಂಟಿಕೊಪ್ಪಲಿನ ಮನೆಯಿಂದ ಅವನ ಸ್ಕೂಟರು ಹೊರಡುತ್ತಿತ್ತು. ಹೋಗಿ ನಿಲ್ಲುತ್ತಿದ್ದದ್ದು ರಾಮಕೃಷ್ಣನಗರದಲ್ಲಿ, ಚೆಲುವಯ್ಯನವರ ಮನೆ ಮುಂದೆ. ಇಬ್ಬರೂ ಮೇಟಗಳ್ಳಿಯ ಒಂದು ಕಾರ್ಖಾನೆಯ ಪ್ಯಾಟ್ರನ್ ಶಾಪಿನಲ್ಲಿ ಮೂವತ್ತೆರಡು ವರ್ಷ ಅಕ್ಕಪಕ್ಕದ ಬೆಂಚಿನಲ್ಲಿ ಬೆವರು ಸುರಿಸಿದವರು. ಉಕ್ಕಿನ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಅದನ್ನು ಮರದಲ್ಲಿ ಮಾಡಿಕೊಡಬೇಕು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಆಮೇಲೆ ಕರಗಿದ ಲೋಹ ಸುರಿಯುತ್ತಾರೆ. ಆ ಮರದ ಕೆಲಸ ಇವರದು. ಕೂದಲೆಳೆಯಷ್ಟು ಆಚೀಚೆ ಆದರೂ ಮಾಲು ಪೂರಾ ಗುಜರಿಗೆ.

'ಕೈ ಅಂದ್ರೆ ಚೆಲುವಯ್ಯಂದು, ಬಾಯಿ ಅಂದ್ರೆ ಇನ್ನಾಸೀದು' ಎಂದು ಶಾಪಿನಲ್ಲಿ ತಮಾಷೆ ಮಾಡುತ್ತಿದ್ದರು. ಇನ್ನಾಸಿಮುತ್ತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಮೂವತ್ತೆರಡು ವರ್ಷವೂ ನಕ್ಕ, ಮೂವತ್ತೆರಡು ವರ್ಷವೂ ಒಳಗೊಳಗೇ ಕುದ್ದ. ಅವನ ಕೆಲಸವೇನೂ ಕೆಟ್ಟದಾಗಿರಲಿಲ್ಲ, ಪಾಪ. ಪಕ್ಕದ ಬೆಂಚಿನಲ್ಲಿ ಇನ್ನೂ ಚೆನ್ನಾಗಿ ಮಾಡುವವರೊಬ್ಬರು ಇದ್ದರು, ಅಷ್ಟೇ.

ಎರಡು ವರ್ಷದ ಹಿಂದೆ ಚೆಲುವಯ್ಯನವರಿಗೆ ಕೈ ನಡುಗುವ ಕಾಯಿಲೆ ಬಂತು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡರೂ ಬಲಗೈ ಬೀಡಿ ಸುತ್ತುವ ಹಾಗೆ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಇನ್ನಾಸಿಮುತ್ತು ದಿನಾ ಬರಲು ಶುರು ಮಾಡಿದ್ದು ಆವಾಗಲೇ. ಬೀದಿಯವರ ಕಣ್ಣಿಗೆ ಅದು ಸ್ನೇಹ. ನಿಜ ಹೇಳಬೇಕೆಂದರೆ ಅವನು ಬರುತ್ತಿದ್ದದ್ದು ಆ ಕೈ ನಡುಗುವುದನ್ನು ನೋಡಲಿಕ್ಕೆ. ಚೆಲುವಯ್ಯನವರ ಹೆಂಡತಿ ಸಿದ್ದಲಿಂಗಮ್ಮ ಕಾಫಿ ತಂದಿಡುವವರೆಗೂ ಕಾಯುತ್ತಿದ್ದ. ಲೋಟ ತುಳುಕಿ ಪಂಚೆಯ ಮೇಲೆ ಚೆಲ್ಲಿತೋ, ಅವನ ದಿನ ಸಾರ್ಥಕ.

"ಏನೋ ಚೆಲುವ, ಲೋಟಕ್ಕೂ ಡ್ಯಾನ್ಸ್ ಕಲಿಸ್ಬುಟ್ಟಿದ್ದೀಯಲ್ಲ!" ಎನ್ನುತ್ತಿದ್ದ.

"ಬೇಗ ಆರ್ತದೆ ಕಣೋ ಮುತ್ತು, ಒಳ್ಳೇದೇ," ಎಂದು ಚೆಲುವಯ್ಯನವರು ನಗುತ್ತಿದ್ದರು. ಆ ಮನುಷ್ಯನಿಗೆ ಕೋಪ ಎಂಬುದನ್ನು ದೇವರು ಕೊಡಲೇ ಇಲ್ಲ.

ಮಗಳು ಸೌಮ್ಯಶ್ರೀ ಕಾಲೇಜೊಂದರಲ್ಲಿ ಆಟದ ಮೇಡಂ. ಭಾನುವಾರ ಬಂತೆಂದರೆ ಐದಾರು ಜನ ಗೆಳೆಯರ ಜೊತೆ ಕೆಆರ್‌ಎಸ್ ಹಿನ್ನೀರಿಗೆ ಹೋಗಿ ದೋಣಿಗೆ ಹುಟ್ಟು ಹಾಕುವುದು ಅವಳ ಹುಚ್ಚು. 'ಕೈಗೆ ಕೆಲಸ ಕೊಡಿ, ಸುಮ್ನೆ ಕೂರಿಸ್ಬೇಡಿ' ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಕೊಚ್ಚಿಯಿಂದ ಒಂದು ಕಿಟ್ ತರಿಸಿಬಿಟ್ಟಳು. ಮನೆಯಲ್ಲೇ ಕೂತು ಒಂದು ಜೊತೆ ಮರದ ಹುಟ್ಟು ಮಾಡಿಕೊಳ್ಳುವ ಕಿಟ್. ಒಂಬತ್ತಡಿ ಉದ್ದದ ರಟ್ಟಿನ ಪೆಟ್ಟಿಗೆಯೊಳಗೆ ಹಗುರವಾದ ಬಿಳಿ ಮರದ ಪಟ್ಟಿಗಳು, ನೀರು ತಳ್ಳುವ ಅಲಗಿಗೆ ಅಂಟಿಸುವ ತುಂಡುಗಳು, ಎರಡು ಡಬ್ಬಿ ಅಂಟು, ದೋಣಿಯ ಅಂಚಿಗೆ ಉಜ್ಜಿ ಸವೆಯದಂತೆ ಸುತ್ತುವ ಚರ್ಮ, ವಾರ್ನಿಷ್, ಒಂದು ನಕ್ಷೆ. ನಮ್ಮ ದೋಣಿಗೆ ಬೇಕಾದ ಉದ್ದಕ್ಕೆ ಕೊಯ್ದು ಕೆತ್ತಿಕೊಳ್ಳುವುದು ನಮ್ಮ ಪಾಲು. ಸೌಮ್ಯಶ್ರೀಯ ದೋಣಿಗೆ ಬೇಕಾದದ್ದು ಎರಡೂವರೆ ಮೀಟರ್.

ಕಿಟ್ ಬಂದ ದಿನ ಚೆಲುವಯ್ಯನವರು ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅರ್ಧ ಗಂಟೆ ನೋಡಿದರು. ಹೆಂಡತಿ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಮುತ್ತು, ಕೈ ಹೋದ್ರೆ ಹೋಗ್ಲಿ ಕಣೋ. ನಮ್ಮಣ್ಣಂಗೂ ಮೊದ್ಲು ಕೈಯೇ ನಡುಗಿದ್ದು. ಆಮೇಲೆ ತಲೆ ಹೋಯ್ತು. ಕೊನೇಲಿ ಕಟ್ಕೊಂಡ ಹೆಂಡ್ತೀನೇ ಯಾರಮ್ಮ ನೀನು ಅಂತ ಕೇಳ್ತಿದ್ದ. ಎಲ್ರಿಗೂ ಹಂಗಾಗಲ್ಲ ಅಂತಾರೆ ಡಾಕ್ಟ್ರು. ಆದ್ರೂ ಅದೊಂದೇ ನಂಗೆ ಭಯ. ಈ ಎರಡು ಹುಟ್ಟು ನಕ್ಷೆ ಪ್ರಕಾರ ಬಂದ್ರೆ ನನ್ನ ತಲೆ ನೆಟ್ಟಗೈತೆ ಅಂತ ಧೈರ್ಯ. ಸೌಮ್ಯಂಗೆ ಹೇಳ್ಬೇಡ, ಇವ್ಳಿಗೂ ಹೇಳ್ಬೇಡ."

"ಹೇಳಲ್ಲ ಬುಡು," ಎಂದ ಇನ್ನಾಸಿಮುತ್ತು. ಆ ಮಾತನ್ನು ಮಾತ್ರ ಅವನು ಉಳಿಸಿಕೊಂಡ.

ಮೊದಲ ಹುಟ್ಟಿನ ಕೆಲಸ ಶುರುವಾಯಿತು. ಹಿತ್ತಲಿನ ಶೀಟಿನ ಕೆಳಗೆ ಎರಡು ಬೆಂಚು ಜೋಡಿಸಿದರು. ಇನ್ನಾಸಿಮುತ್ತು ತಮಾಷೆ ನೋಡಲೆಂದು ಕುರ್ಚಿ ಎಳೆದುಕೊಂಡು ಕೂತ. ಇವತ್ತು ಬೆರಳು ಕತ್ತರಿಸಿಕೊಳ್ಳುತ್ತಾನೆ, ಇಲ್ಲವೇ ಮರ ಹಾಳು ಮಾಡುತ್ತಾನೆ, ಎರಡರಲ್ಲಿ ಒಂದು ಖಂಡಿತ ಎಂದುಕೊಂಡ. ಚೆಲುವಯ್ಯನವರ ಕೈ ಉಜ್ಜುಗೊರಡಿನ ಮೇಲೆ ಹೋಗುವವರೆಗೂ ಗಡಗಡ ಅಲ್ಲಾಡಿತು. ಉಜ್ಜುಗೊರಡು ಮರಕ್ಕೆ ತಾಗಿತು ನೋಡಿ, ಕೈ ನಿಂತಿತು.

ನಿಂತೇಬಿಟ್ಟಿತು! ಈ ಕಾಯಿಲೆಯೇ ಹಾಗಂತೆ, ಸುಮ್ಮನೆ ಕೂತಾಗ ಹೆಚ್ಚು, ಕೆಲಸಕ್ಕೆ ಹಚ್ಚಿದರೆ ಕಡಿಮೆ. ತೆಳ್ಳಗೆ, ಒಂದೇ ಸಮ, ಮೊಳದುದ್ದದ ಮರದ ಸಿಪ್ಪೆ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಚೆಲುವಯ್ಯನವರು ಚೌಕ ಮರವನ್ನು ಎಂಟು ಮೂಲೆ ಮಾಡಿದರು, ಎಂಟನ್ನು ಹದಿನಾರು ಮಾಡಿದರು, ಹತ್ತು ದಿನದಲ್ಲಿ ಅಂಗೈಗೆ ಒಂದು ಏಣೂ ಸಿಗದ ಹಾಗೆ ದುಂಡಗೆ ಮಾಡಿ ಮುಗಿಸಿದರು. ಅಲಗು ಬಾಳೆಯೆಲೆಯ ಹಾಗೆ ಹಗುರ. ಸಿದ್ದಲಿಂಗಮ್ಮ ಬಂದು ಸವರಿ, "ಇನ್ನಾಸಣ್ಣ, ನಮ್ಮನೆಯವ್ರು ಮೊದ್ಲಿನಂಗೇ ಆಗ್ಬುಟ್ರು ಕಣಣ್ಣ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇನ್ನಾಸಿಮುತ್ತುವಿಗೆ ಮೈಯೆಲ್ಲ ಉರಿದುಹೋಯಿತು. ಕಾಯಿಲೆ ಬಿದ್ದ ಮೇಲೂ ಈ ಕೈ ತನ್ನದಕ್ಕಿಂತ ಮೇಲೆಯೇ? ಥೂ ಇವನ ಹಣೆಬರಹವೇ! ಇನ್ನಾಸಿಮುತ್ತುವಿಗಾದರೋ ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ, ಕೈ ಕಾಲು ಗಟ್ಟಿಮುಟ್ಟು. ಆದರೂ ಅಂದು ಸ್ಕೂಟರಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಬ್ಬನೇ ಬೈದುಕೊಂಡ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕರಗಿದ ಉಕ್ಕು ತಣ್ಣಗಾದಾಗ ಕುಗ್ಗುತ್ತದೆ, ನೂರಕ್ಕೆ ಎರಡರಷ್ಟು. ಅದಕ್ಕೇ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿಸಲ ಗುಣಿಸುತ್ತ ಕೂರುವ ಬದಲು ಇದಕ್ಕೆಂದೇ ಒಂದು ಸ್ಕೇಲು ಇರುತ್ತದೆ, ಶ್ರಿಂಕೇಜ್ ಸ್ಕೇಲು. ನೋಡಲು ಮಾಮೂಲಿ ಉಕ್ಕಿನ ಸ್ಕೇಲೇ. ಆದರೆ ಅದರ ಒಂದು ಮೀಟರ್ ನಿಜವಾದ ಮೀಟರಿಗಿಂತ ಎರಡು ಸೆಂಟಿಮೀಟರ್ ಹೆಚ್ಚು. ಶಾಪಿನ ಪ್ರತಿಯೊಬ್ಬನ ಪೆಟ್ಟಿಗೆಯಲ್ಲೂ ಸಾದಾ ಒಂದು, ಶ್ರಿಂಕೇಜ್ ಒಂದು ಇದ್ದೇ ಇರುತ್ತಿದ್ದವು. ಅಂಚಿನಲ್ಲಿ ಕೊರೆದ ಅಕ್ಷರ ವರ್ಷಗಟ್ಟಲೆ ಕೈಯಾಡಿ ಸವೆದುಹೋಗುತ್ತಿತ್ತು. ಹಾಗಾಗಿ ಅಲ್ಲಿನವರು ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಬ್ಬರಿಗೊಬ್ಬರು ಶ್ರಿಂಕೇಜ್ ಸ್ಕೇಲು ಕೊಡುವಾಗ 'ಶ್ರಿಂಕೇಜ್' ಎಂದು ಗಟ್ಟಿಯಾಗಿ ಹೇಳಿ ಕೊಡಬೇಕು. ತೆಗೆದುಕೊಳ್ಳುವವನು 'ಶ್ರಿಂಕೇಜ್' ಎಂದು ತಿರುಗಿ ಹೇಳಬೇಕು. ಹೇಳದೆ ಕೊಟ್ಟರೆ ಅದು ಸಾದಾ ಸ್ಕೇಲು, ಕಣ್ಣು ಮುಚ್ಚಿಕೊಂಡು ಅಳೆಯಬಹುದು. ಜಗಳವಾಡಿ ಮಾತು ಬಿಟ್ಟವರು ಕೂಡ ಆ ಒಂದು ಶಬ್ದವನ್ನು ಮಾತ್ರ ಬಿಡುತ್ತಿರಲಿಲ್ಲ.

ಎರಡನೇ ಹುಟ್ಟಿನ ಮರಕ್ಕೆ ಗುರುತು ಹಾಕುವ ದಿನ ಚೆಲುವಯ್ಯನವರ ಸ್ಕೇಲಿನ ಮೇಲೆ ಅಂಟು ಚೆಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಗೆರೆಗಳು ಒಂದೂ ಕಾಣುತ್ತಿರಲಿಲ್ಲ. ಆವತ್ತು ಇನ್ನಾಸಿಮುತ್ತು ತನ್ನ ಪೆಟ್ಟಿಗೆಯನ್ನೂ ತಂದಿದ್ದ, ಕೆಲಸಕ್ಕಲ್ಲ, ತನ್ನದೂ ಇದೆ ಎಂದು ತೋರಿಸಲಿಕ್ಕೆ.

"ಮುತ್ತು, ನಿನ್ ಸ್ಕೇಲ್ ಕೊಡೋ," ಎಂದು ಚೆಲುವಯ್ಯನವರು ಮರದಿಂದ ಕಣ್ಣು ಎತ್ತದೆ ಕೈ ಚಾಚಿದರು.

ಇನ್ನಾಸಿಮುತ್ತು ಪೆಟ್ಟಿಗೆ ತೆರೆದ. ಎರಡೂ ಸ್ಕೇಲು ಪಕ್ಕಪಕ್ಕದಲ್ಲೇ ಇದ್ದವು. ಕೈ ತಾನಾಗಿ ಹೋಯಿತು ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಂಡ. ಶುದ್ಧ ಸುಳ್ಳು. ಸಾದಾ ಸ್ಕೇಲನ್ನು ಮುಟ್ಟಿದ, ಬಿಟ್ಟ, ಶ್ರಿಂಕೇಜ್ ತೆಗೆದ, ಬಾಯಿ ಬಿಗಿಹಿಡಿದು ಆ ಕೈಯೊಳಗೆ ಇಟ್ಟ. ನೋಡೋಣ, ಕಂಡುಹಿಡಿದರೆ ನಕ್ಕುಬಿಡೋಣ, ಕಂಡುಹಿಡಿಯದಿದ್ದರೆ ಗರಗಸ ಇಡುವ ಮೊದಲು ಹೇಳೋಣ ಎಂದುಕೊಂಡ.

ಚೆಲುವಯ್ಯನವರು ಎರಡು ಸಲ ಪೂರಾ, ಮೂರನೇ ಸಲ ಅರ್ಧ ಅಳೆದು ಗೆರೆ ಎಳೆದರು. ಗರಗಸ ಕೈಗೆತ್ತಿಕೊಂಡರು. ಇನ್ನಾಸಿಮುತ್ತು ಹೇಳಲಿಲ್ಲ. ಗರಗಸ ಮರಕ್ಕೆ ಇಳಿಯಿತು. ಆಗಲೂ ಹೇಳಲಿಲ್ಲ.

ಆಮೇಲೆ ಹನ್ನೆರಡು ದಿನ ಆ ಹುಟ್ಟಿನ ಕೆಲಸ ನಡೆಯಿತು. ಹನ್ನೆರಡು ದಿನವೂ ಅವನು ಅದೇ ಕುರ್ಚಿಯಲ್ಲಿ ಕೂತು ಬಜ್ಜಿ ತಿಂದ. ಎರಡು ಹುಟ್ಟನ್ನೂ ಪಕ್ಕಪಕ್ಕ ಇಟ್ಟಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ಆದರೆ ಮೊದಲನೆಯದನ್ನು ವಾರ್ನಿಷ್ ಒಣಗಿದ ಕೂಡಲೇ ಧೂಳು ಕೂರದಂತೆ ಬೆಡ್‌ಶೀಟು ಸುತ್ತಿ ಸೌಮ್ಯಶ್ರೀಯ ರೂಮಿನಲ್ಲಿ ಇಟ್ಟಿದ್ದರು. ಅದನ್ನು ತಂದು ಪಕ್ಕದಲ್ಲಿಟ್ಟು ಅಳೆಯುವುದು ಚೆಲುವಯ್ಯನವರ ಜಾಯಮಾನದಲ್ಲೇ ಇಲ್ಲ. ಒಂದು ಮಾಲು ನೋಡಿ ಇನ್ನೊಂದನ್ನು ಅಳೆಯುವವನು ಕಳ್ಳಬಡಗಿ, ಪ್ರತಿಯೊಂದನ್ನೂ ನಕ್ಷೆಯಿಂದಲೇ ಅಳೆಯಬೇಕು ಎಂದು ಶಾಪಿಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳಿದವರು ಅವರು. ಇನ್ನಾಸಿಮುತ್ತುವಿಗೆ ಅದೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರೂ ಹಿನ್ನೀರಿಗೆ ಹೋದರು. ಸೌಮ್ಯಶ್ರೀಯ ಗೆಳೆಯ ವಿಜಯ್‌ಕುಮಾರ್ ಜೀಪು ತಂದಿದ್ದ. ದಡದಲ್ಲಿ ಬೆಡ್‌ಶೀಟು ಬಿಚ್ಚಿದಾಗ ಆ ಹುಡುಗ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. "ಸರ್, ಇದು ಮನೇಲಿ ಮಾಡಿದ್ದಾ? ಸುಳ್ಳು ಹೇಳ್ಬೇಡಿ," ಎಂದರು. ಚೆಲುವಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆ ಗಂಡಿನ ಹಾಗೆ ನಾಚಿದರು.

"ಅಪ್ಪಾ, ಮಧ್ಯೆ ನಿಂತ್ಕೋ. ಎರಡು ಕೈಲೂ ಒಂದೊಂದು ಹಿಡ್ಕೋ. ಫೋಟೋ ತೆಗೀತೀನಿ," ಎಂದಳು ಮಗಳು.

ಅವರು ಚಪ್ಪಡಿ ಕಲ್ಲಿನ ಮೇಲೆ ನಿಂತು ಹುಟ್ಟುಗಳನ್ನು ಆಚೆಗೊಂದು ಈಚೆಗೊಂದು ನೆಟ್ಟಗೆ ನಿಲ್ಲಿಸಿಕೊಂಡರು. ಫೋನು ಎತ್ತಿದ ಸೌಮ್ಯಶ್ರೀ ಹಾಗೇ ತಡೆದಳು. ವಿಜಯ್‌ಕುಮಾರನಿಗೆ ಮಾತ್ರ ಬಾಯಿ ತಡೆಯಲಿಲ್ಲ.

"ಏನ್ ಸರ್, ಒಂದು ಗಂಡಂಗೆ, ಒಂದು ಹೆಂಡ್ತಿಗಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವರೇನು ಕೆಟ್ಟವರಲ್ಲ, ಗೊತ್ತಿಲ್ಲದೆ ನಕ್ಕರು. ಚೆಲುವಯ್ಯನವರು ತಲೆಯೆತ್ತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಲಗಡೆಯದು ಎರಡಿಂಚು ಮೇಲಿತ್ತು. ಅವರು ಎರಡನ್ನೂ ನೆಲದ ಮೇಲೆ ಜೋಡಿಸಿ ಮಲಗಿಸಿ, ಮಂಡಿಯೂರಿ ಕೂತರು. ಜೀಪಿನಿಂದ ಟೇಪು ತರಿಸಿದರು. ಒಂದು ಎರಡೂವರೆ ಮೀಟರ್. ಇನ್ನೊಂದು ಎರಡೂವರೆ ಮೀಟರಿನ ಮೇಲೆ ಐದು ಸೆಂಟಿಮೀಟರ್. ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು.

"ನೂರಕ್ಕೆ ಎರಡು," ಎಂದರು. "ಶ್ರಿಂಕೇಜ್."

ಮಂಡಿಯೂರಿದಲ್ಲಿಂದಲೇ ಕತ್ತು ತಿರುಗಿಸಿ ಸ್ನೇಹಿತನನ್ನು ನೋಡಿದರು. ಆ ಮುಖದಲ್ಲಿ ಅನುಮಾನ ಇರಲಿಲ್ಲ. ನೀರಿಗೆ ಬಿದ್ದವನು ದಡದಲ್ಲಿರುವವನನ್ನು ನೋಡುವ ಹಾಗೆ ನೋಡಿದರು.

"ಮುತ್ತು, ಆವತ್ತು ಸ್ಕೇಲ್ ನೀನಲ್ವಾ ಕೊಟ್ಟಿದ್ದು?"

ಹೌದು ಕಣೋ, ಏಮಾರಿಸ್ದೆ, ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ಜನ ಬೈಯುತ್ತಿದ್ದರು, ಸೌಮ್ಯಶ್ರೀ ಎರಡು ದಿನ ಮಾತು ಬಿಡುತ್ತಿದ್ದಳು, ಅಷ್ಟೇ. ಆದರೆ ಅಷ್ಟೂ ಕಣ್ಣುಗಳು ತನ್ನ ಕಡೆ ತಿರುಗಿದ್ದು ಇನ್ನಾಸಿಮುತ್ತುವಿಗೆ ಸಹಿಸಲಾಗಲಿಲ್ಲ.

"ನಾನಾ? ನಾನ್ಯಾವ ಸ್ಕೇಲ್ ಕೊಟ್ಟೆ?" ಎಂದ. "ನಿನ್ ಪೆಟ್ಟಿಗೆಯಿಂದ ನೀನೇ ತಕ್ಕೊಂಡ್ಯಲ್ಲೋ ಚೆಲುವ. ಮರ್ತೋಯ್ತಾ?"

ಹೇಳುವಾಗ ಪಾಪ ಎನ್ನುವ ಹಾಗೆ ಲೊಚಗುಟ್ಟಿದ ಕೂಡ. ಇಂಥವನ ನಾಲಿಗೆಗೆ ಹುಳ ಬೀಳಬೇಡವೇ?

ಚೆಲುವಯ್ಯನವರ ಬಲಗೈ ಹುಟ್ಟಿನ ಮೇಲಿತ್ತು. ಅದು ನಡುಗಲು ಶುರುವಾಗಿ ಮರ ಕಲ್ಲಿಗೆ ತಾಗಿ ಟಕಟಕ ಎನ್ನತೊಡಗಿತು. "ಐದು ಸೆಂಟಿಮೀಟರ್ ತಾನೇ ಅಪ್ಪ, ಹಿಡಿ ಕಡೆಯಿಂದ ಕೊಯ್ದು ಸರಿ ಮಾಡೋಣ," ಎಂದಳು ಸೌಮ್ಯಶ್ರೀ. ಅವಳು ಹೇಳಿದ್ದು ಸರಿಯೇ. ಹುಟ್ಟು ಸರಿಯಾಗುತ್ತಿತ್ತು. ಅಪ್ಪ ಯಾಕೆ ಹೀಗೆ ಬಿಳಿಚಿಕೊಂಡರು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವನು ಒಬ್ಬನೇ, ಅವನು ಜೀಪಿನ ನೆರಳಲ್ಲಿ ನಿಂತು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

ಮರುದಿನ ಚೆಲುವಯ್ಯನವರು ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳಿದವರು ಮತ್ತೆ ತೆಗೆಯಲಿಲ್ಲ. ಕೈಗೆ ಕೆಲಸ ತಪ್ಪಿತು, ನಡುಕ ಹೆಚ್ಚಿತು. ಒಂದು ತಿಂಗಳಲ್ಲಿ ಊಟಕ್ಕೆ ಚಮಚ, ಎರಡು ತಿಂಗಳಲ್ಲಿ ಹೆಂಡತಿಯ ಕೈತುತ್ತು. ಬೆಳಿಗ್ಗೆ ಎದ್ದರೆ ಶಾಪಿನ ಹಳಬರ ಹೆಸರು ಒಂದೊಂದೇ ಹೇಳಿಕೊಂಡು ತಲೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಒಂದು ಹೆಸರು ತಡವಾದರೆ ಅಂದೆಲ್ಲ ಅನ್ನ ಮುಟ್ಟುತ್ತಿರಲಿಲ್ಲ. ಅದೆಲ್ಲ ಎಲ್ಲರಿಗೂ ಆಗುವ ಮರೆವು. ನಮಗೆ ಸಿನಿಮಾ ನಟರ ಹೆಸರು ಮರೆಯುವುದಿಲ್ಲವೇ, ಹಾಗೆ.

ಇನ್ನಾಸಿಮುತ್ತುವಿಗೆ ಕನಿಕರ ಬಂತು ಎಂದುಕೊಳ್ಳಬೇಡಿ. ಬಂದದ್ದು ಹೆದರಿಕೆ. ನೋಡಬೇಕೆಂದಿದ್ದನ್ನು ಕಣ್ತುಂಬ ನೋಡಿಯಾಗಿತ್ತು, ಇನ್ನು ನೋಡಲು ಆಗುತ್ತಿರಲಿಲ್ಲ. ಈಸ್ಟರಿಗೆ ಮುಂಚೆ ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗ ಎಲ್ಲವನ್ನೂ ಒದರಿದ. "ನಂಗೆ ಹೇಳಿದ್ರೆ ಸಾಲದು. ಅವರ ಮುಂದೆ ಹೋಗಿ ಹೇಳಿ," ಎಂದರು ಫಾದರು. ಮೂರು ದಿನ ಕಳೆದು ಹೋದ. ಕೈಯಲ್ಲಿ ಆ ಸ್ಕೇಲು ಹಿಡಿದುಕೊಂಡೇ ಹೋದ.

ಚೆಲುವಯ್ಯನವರು ಎರಡು ಕೈಯನ್ನೂ ತೊಡೆಗಳ ಸಂದಿಗೆ ಒತ್ತಿಕೊಂಡು ಕೂತಿದ್ದರು.

"ಮಹದೇವಯ್ಯ, ನಂಜಯ್ಯ, ಚಿಕ್ಕಬಸವಯ್ಯ… ಫರ್ನೇಸ್ ಹತ್ರ ಇರ್ತಿದ್ನಲ್ಲೋ ಮುತ್ತು, ಯಾರವ್ನು?"

"ನಂಜುಂಡಯ್ಯ."

"ಹಾಂ, ನಂಜುಂಡಯ್ಯ. ನೋಡ್ದಾ, ಹೋಯ್ತಾ ಐತೆ."

"ಚೆಲುವ, ಕೇಳಿಲ್ಲಿ." ಇನ್ನಾಸಿಮುತ್ತು ಒಂದೇ ಉಸಿರಿಗೆ ಹೇಳಿದ. "ಆವತ್ತು ಸ್ಕೇಲ್ ಕೊಟ್ಟಿದ್ದು ನಾನೇ. ಶ್ರಿಂಕೇಜ್. ಇದೇ ಸ್ಕೇಲು. ಬೇಕೂಂತ್ಲೇ ಕೊಟ್ಟೆ, ಹೇಳ್ದೆ ಕೊಟ್ಟೆ. ದೋಣಿ ಹತ್ರ ಸುಳ್ಳು ಹೇಳ್ಬುಟ್ಟೆ. ನಿನ್ ತಲೇಗೇನೂ ಆಗಿಲ್ಲ ಕಣೋ."

ಚೆಲುವಯ್ಯನವರ ಕಣ್ಣು ತುಂಬಿಕೊಂಡವು. ಆಮೇಲೆ ಮೆಲ್ಲಗೆ ನಕ್ಕರು.

"ಇವಳು ಹೇಳ್ಕೊಟ್ಟಳಾ? ಸೌಮ್ಯಾನಾ?"

"ಯಾರೂ ಹೇಳ್ಕೊಟ್ಟಿಲ್ಲ! ಮಾತೆ ಮರಿಯಮ್ಮನ ಆಣೆಗೂ…"

"ಬ್ಯಾಡ, ಬ್ಯಾಡ. ನನಗೋಸ್ಕರ ದೇವ್ರ ಮೇಲೆ ಸುಳ್ಳಾಣೆ ಇಡ್ಬೇಡ."

"ನೋಡೋ, ಸ್ಕೇಲ್ ನೋಡು!"

"ಅಂಥದ್ದು ನನ್ ಪೆಟ್ಟಿಗೇಲೂ ಐತೆ. ಅದನ್ನೇ ತಕ್ಕೊಂಡು ಅಳ್ದಿದ್ದೀನಿ. ನೀನು ಕೊಟ್ಟೆ ಅಂತ ನಾನೇ ಕಥೆ ಕಟ್ಕೊಂಡಿದ್ದೆ, ನಮ್ಮಣ್ಣನೂ ಹಂಗೇ ಕಟ್ತಿದ್ದ." ಅವರ ದನಿಯಲ್ಲಿ ಎಳ್ಳಷ್ಟೂ ಕಹಿಯಿರಲಿಲ್ಲ. "ಮೂವತ್ತೆರಡು ವರ್ಷ ಕಣೋ. ಏನೇನೋ ಅಂದಿದ್ದೀಯ, ಆಡ್ಕೊಂಡಿದ್ದೀಯ. ಆದ್ರೆ ಹೇಳ್ದೆ ಸ್ಕೇಲ್ ಕೊಟ್ಟೋನಲ್ಲ ನೀನು. ಹುಟ್ಟಿದಾಗಿಂದ ಒಂದು ಮೆತ್ತಗಿನ ಮಾತಾಡಿಲ್ಲ ನಿನ್ ಬಾಯಿ. ಇವತ್ತು ನನ್ ಸಮಾಧಾನಕ್ಕೆ ತಪ್ಪನ್ನೆಲ್ಲ ಮೈಮೇಲೆ ಎಳ್ಕೊಳ್ತಾ ಇದ್ದೀಯ. ಹಂಗಾದ್ರೆ ನನ್ ತಲೆ ಎಷ್ಟು ಕೆಟ್ಟಿರ್ಬೇಕು, ನೀನೇ ಹೇಳು."

ಇನ್ನಾಸಿಮುತ್ತು ಕೂಗಾಡಿದ. ಸ್ಕೇಲನ್ನು ನೆಲಕ್ಕೆ ಬಡಿದ. ಸದ್ದಿಗೆ ಸೌಮ್ಯಶ್ರೀ ಒಳಗಿನಿಂದ ಓಡಿ ಬಂದಳು.

"ಏನಾಯ್ತು ಅಂಕಲ್?"

"ನನ್ ಬೇಜಾರು ಕಳೀಲಿ ಅಂತ ತಾನೇ ತಪ್ಪು ಮಾಡ್ದೆ ಅಂತಾವ್ನೆ ಕಣಮ್ಮ," ಎಂದು ಚೆಲುವಯ್ಯನವರೇ ಹೇಳಿದರು. "ಕಾಫಿ ತಂದ್ಕೊಡು ಅವನ್ಗೆ."

ಸೌಮ್ಯಶ್ರೀ ಇನ್ನಾಸಿಮುತ್ತುವಿನ ಮುಖ ನೋಡಿದಳು. ಅಪ್ಪ ನಂಬದಿದ್ದರೇನು, ಅವಳು ನಂಬುತ್ತಿದ್ದಳು. ಅವಳನ್ನು ಅಡುಗೆಮನೆಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದ್ದರೆ, ಅವಳು ಡಾಕ್ಟರನ್ನು ಹಿಡಿದಾದರೂ, ಕಾಲು ಹಿಡಿದಾದರೂ ಅಪ್ಪನನ್ನು ನಂಬಿಸುತ್ತಿದ್ದಳು. ಅಂಥ ಹಟದ ಹುಡುಗಿ. ಇನ್ನಾಸಿಮುತ್ತುವಿಗೆ ಅದು ಅಂಗೈಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಅವಳು ಎರಡೂ ಕೈ ಜೋಡಿಸಿಬಿಟ್ಟಳು.

"ಥ್ಯಾಂಕ್ಸ್ ಅಂಕಲ್. ಬೇರೆ ಯಾರೂ ಈ ಕಡೆ ತಲೆ ಹಾಕಲ್ಲ. ನಿಮ್ಮಂಥೋರು ಒಬ್ರಿದ್ದಾರಲ್ಲ ಅಪ್ಪಂಗೆ, ಸಾಕು."

ಅವನು ಬಗ್ಗಿ ಸ್ಕೇಲನ್ನು ಎತ್ತಿಕೊಂಡ. ಅಂಗಿಯ ಚುಂಗಿನಿಂದ ಒರೆಸಿದ.

"ಇರ್ಲಿ ಬುಡಮ್ಮ," ಎಂದ. "ಸ್ನೇಹಿತ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೆಂಗೆ?"

ಕಾಫಿ ಬಂತು. ಸಕ್ಕರೆ ಕಮ್ಮಿಯಾಯಿತು ಎಂದು ಇನ್ನೊಂದು ಚಮಚ ಹಾಕಿಸಿಕೊಂಡು, ಪೂರ್ತಿ ಕುಡಿದು, ನಾಳೆ ಹತ್ತಕ್ಕೆ ಬರುತ್ತೇನೆಂದು ಹೇಳಿ ಎದ್ದ.